ಕಾನೂನು ಸಲಹೆ: ನಾಲ್ಕು ಬೈಕ್ ಕಳವು, ಎಂಟು ವರ್ಷ ಜೈಲು

ಪ್ರಶ್ನೆ: ನಾಲ್ಕು ಬೈಕ್ ಕಳವು ಪ್ರಕರಣಗಳಲ್ಲಿ ನನ್ನ ತಮ್ಮ ತಪ್ಪೊಪ್ಪಿಕೊಂಡಿದ್ದಾನೆ. ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯವು ಬೇರೆ ಬೇರೆ ದಿನ ನಾಲ್ಕು ತೀರ್ಪು ನೀಡಿ, ಪ್ರತಿಯೊಂದರಲ್ಲೂ 2 ವರ್ಷ ಶಿಕ್ಷೆ ವಿಧಿಸಿದೆ. ಒಟ್ಟು 8 ವರ್ಷ ಒಳಗಿರಬೇಕು ಎಂದು ಜೈಲಿನವರು ಹೇಳುತ್ತಾರೆ. ಇದು ಕಾನೂನುಬದ್ಧವೇ? ಒಪ್ಪಿಕೊಂಡ ಮೇಲೆ ಮೇಲ್ಮನವಿ ಇಲ್ಲವೆಂಬುದು ನಿಜವೇ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ನಿಮಗೆ ಸಿಕ್ಕಿರುವ ಮಾಹಿತಿ ಅರ್ಧ ಸತ್ಯ. ತಪ್ಪೊಪ್ಪಿಕೊಂಡವನು ‘ನಾನು ಅಪರಾಧಿಯಲ್ಲ’ ಎಂದು ಮೇಲ್ಮನವಿ ಹಾಕುವಂತಿಲ್ಲ. ಆದರೆ ಶಿಕ್ಷೆಯ ಪ್ರಮಾಣ ಮತ್ತು ಕಾನೂನುಬದ್ಧತೆಯನ್ನು ಸೆಷನ್ಸ್ ನ್ಯಾಯಾಲಯದಲ್ಲಿ ಖಂಡಿತ ಪ್ರಶ್ನಿಸಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 416ನೇ ಕಲಂ ಈ ಬಾಗಿಲನ್ನು ತೆರೆದೇ ಇಟ್ಟಿದೆ.

ಪ್ರತ್ಯೇಕವಾಗಿ ನೋಡಿದರೆ ನಾಲ್ಕೂ ಶಿಕ್ಷೆಗಳು ಕಾನೂನಿನ ಮಿತಿಯೊಳಗಿವೆ. ಮೊದಲ ಸಲದ ಕಳವಿಗೆ ಗರಿಷ್ಠ 3 ವರ್ಷ ಶಿಕ್ಷೆಯಿದೆ, ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ವಿಧಿಸಬಹುದಾದ ಸೆರೆವಾಸದ ಮಿತಿಯೂ ಅಷ್ಟೇ. ಅವರು ಒಂದು ಕಳವಿಗೆ 4 ವರ್ಷ ವಿಧಿಸಿದ್ದರೆ ಅದು ಅಧಿಕಾರ ಮೀರಿದ ಶಿಕ್ಷೆಯಾಗಿ, ಮೇಲಿನ ನ್ಯಾಯಾಲಯದಲ್ಲಿ ನಿಲ್ಲುತ್ತಿರಲಿಲ್ಲ. ನಿಮ್ಮ ತಮ್ಮನ ತೊಂದರೆ ಇರುವುದು ಕೂಡಿಕೆಯಲ್ಲಿ. ಈಗಾಗಲೇ ಶಿಕ್ಷೆ ಅನುಭವಿಸುತ್ತಿರುವವನಿಗೆ ಮತ್ತೊಂದು ಶಿಕ್ಷೆಯಾದಾಗ, ‘ಎರಡೂ ಏಕಕಾಲಕ್ಕೆ ಜಾರಿಯಾಗಲಿ’ ಎಂದು ನ್ಯಾಯಾಲಯ ನಿರ್ದೇಶಿಸದಿದ್ದರೆ, ಮೊದಲನೆಯದು ಮುಗಿದ ಮೇಲೆಯೇ ಎರಡನೆಯದು ಆರಂಭವಾಗುತ್ತದೆ ಎಂದು ಅದೇ ಸಂಹಿತೆಯ 467ನೇ ಕಲಂ ಹೇಳುತ್ತದೆ. ಆ ಒಂದು ಸಾಲು ತೀರ್ಪಿನಲ್ಲಿ ಇಲ್ಲದಿದ್ದರೆ ಜೈಲಿನವರು ವರ್ಷಗಳನ್ನು ಕೂಡುತ್ತಲೇ ಹೋಗಬೇಕಾಗುತ್ತದೆ. ಎಷ್ಟೋ ಬಡವರ ಪ್ರಕರಣಗಳಲ್ಲಿ ಆ ಸಾಲನ್ನು ಕೇಳುವವರೇ ಇರುವುದಿಲ್ಲ ಎಂಬುದು ನನ್ನನ್ನು ತೀವ್ರವಾಗಿ ನೋಯಿಸುವ ಸಂಗತಿ.

ಉತ್ತರ ಪ್ರದೇಶದ ಹಾಪುಡ್‌ನಲ್ಲಿ ಇದೇ ನಡೆಯಿತು. ವಿದ್ಯುತ್ ಸಾಮಗ್ರಿ ಕಳವಿನ ಒಂಬತ್ತು ಪ್ರಕರಣಗಳಲ್ಲಿ ಚೌಕಾಸಿ ಒಪ್ಪಂದದ (ಕಡಿಮೆ ಶಿಕ್ಷೆಗಾಗಿ ತಪ್ಪೊಪ್ಪಿಕೊಳ್ಳುವ ‘ಪ್ಲೀ ಬಾರ್ಗೇನಿಂಗ್’) ಮೂಲಕ ತಪ್ಪೊಪ್ಪಿಕೊಂಡವನಿಗೆ ತಲಾ 2 ವರ್ಷ ಶಿಕ್ಷೆಯಾಗಿ, ಏಕಕಾಲದ ನಿರ್ದೇಶನವಿಲ್ಲದ್ದರಿಂದ ಅದು 18 ವರ್ಷವಾಗಿ ಬೆಳೆಯಿತು. ಅಲಹಾಬಾದ್ ಹೈಕೋರ್ಟ್ ಮಧ್ಯಪ್ರವೇಶಿಸಲು ನಿರಾಕರಿಸಿತು. 2022ರ ಡಿಸೆಂಬರ್ 16ರಂದು ಸುಪ್ರೀಂ ಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಪಿ.ಎಸ್. ನರಸಿಂಹ ಅವರ ಪೀಠವು ಒಂಬತ್ತೂ ಶಿಕ್ಷೆಗಳು ಏಕಕಾಲಕ್ಕೆ ಜಾರಿಯಾಗಲಿ ಎಂದು ಆದೇಶಿಸಿ, ಒಬ್ಬ ವ್ಯಕ್ತಿಯ ಸ್ವಾತಂತ್ರ್ಯದ ಪ್ರಶ್ನೆ ಬಂದಾಗ ಈ ನ್ಯಾಯಾಲಯಕ್ಕೆ ಯಾವ ಪ್ರಕರಣವೂ ಚಿಕ್ಕದಲ್ಲ ಎಂಬ ನಿಲುವನ್ನು ಸ್ಪಷ್ಟಪಡಿಸಿತು. ಅಷ್ಟರಲ್ಲಿ ಆತ ಸುಮಾರು 3 ವರ್ಷ ಜೈಲಿನಲ್ಲಿ ಕಳೆದಿದ್ದ.

ಆದರೂ ನಿಮಗೆ ಸುಳ್ಳು ಭರವಸೆ ಕೊಡಲಾರೆ. ಏಕಕಾಲದ ಜಾರಿ ಹಕ್ಕಲ್ಲ, ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. ಬೇರೆ ಬೇರೆ ದಿನ, ಬೇರೆ ಬೇರೆ ಜಾಗದಲ್ಲಿ ನಡೆದ ಕಳವುಗಳಿಗೆ ಈ ರಿಯಾಯಿತಿ ಸಾಮಾನ್ಯವಾಗಿ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ವಯಸ್ಸು, ಹಿಂದೆ ಶಿಕ್ಷೆಯಾಗಿಲ್ಲದಿರುವುದು, ಬೈಕುಗಳು ಮಾಲೀಕರಿಗೆ ಮರಳಿರುವುದು, ಜೈಲಿನಲ್ಲಿನ ನಡತೆ ಇವೆಲ್ಲವನ್ನೂ ಅರ್ಜಿಯಲ್ಲಿ ದಾಖಲೆ ಸಮೇತ ಬರೆಸಬೇಕು. ದಂಡ ಕಟ್ಟದಿದ್ದರೆ ಅನುಭವಿಸಬೇಕಾದ ಜೈಲು ಅವಧಿ ಏಕಕಾಲದ ನಿರ್ದೇಶನದೊಳಗೆ ಬರುವುದಿಲ್ಲ; ಹೇಗಾದರೂ ಮಾಡಿ ದಂಡ ಕಟ್ಟಿಬಿಡಿ.

ಶಿಕ್ಷೆ ವಿಧಿಸಿದ ಮ್ಯಾಜಿಸ್ಟ್ರೇಟರ ಬಳಿಗೇ ಹೋಗಿ ಪ್ರಯೋಜನವಿಲ್ಲ, ಏಕೆಂದರೆ ಸಹಿಯಾದ ತೀರ್ಪಿನಲ್ಲಿ ಬರವಣಿಗೆಯ ದೋಷದ ಹೊರತು ಬೇರೇನನ್ನೂ ಅವರು ಬದಲಿಸುವಂತಿಲ್ಲ. ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನಗಳ ಗಡುವಿದೆ. ಅದು ದಾಟಿದ್ದರೆ ಕಾರಣ ತೋರಿಸಿ ವಿಳಂಬ ಮನ್ನಾ ಮಾಡುವಂತೆ ಕೇಳಿ. ಅಲ್ಲಿಯೂ ಪರಿಹಾರ ಸಿಗದಿದ್ದರೆ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಪುನರೀಕ್ಷಣೆ ಅರ್ಜಿ ಹಾಕಬಹುದು. ಶಿಕ್ಷೆ ಸರಿಯೇ, ಕಾನೂನುಬದ್ಧವೇ, ಉಚಿತವೇ ಎಂದು ಕಡತ ತರಿಸಿ ನೋಡುವ ಅಧಿಕಾರ ಅದಕ್ಕಿದೆ. ಶಿಕ್ಷೆಯನ್ನು ಹೆಚ್ಚಿಸುವ ಅಧಿಕಾರವೂ ಹೈಕೋರ್ಟಿಗಿದೆ ಎಂಬುದು ನೆನಪಿರಲಿ; ಆದರೆ ಅದಕ್ಕೆ ಮೊದಲು ಆರೋಪಿಯ ಮಾತನ್ನು ಕೇಳಲೇಬೇಕು.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಕೈಚೆಲ್ಲಬೇಡಿ. ಬಂಧನದಲ್ಲಿರುವ ಪ್ರತಿಯೊಬ್ಬರೂ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರಿಗೆ ಅರ್ಹರು. ತಮ್ಮ ಸ್ವತಃ ಜೈಲು ಅಧೀಕ್ಷಕರ ಕೈಗೇ ಮೇಲ್ಮನವಿ ಕೊಟ್ಟರೂ ಅವರು ಅದನ್ನು ನ್ಯಾಯಾಲಯಕ್ಕೆ ಕಳುಹಿಸಬೇಕು. ನಾಲ್ಕೂ ತೀರ್ಪುಗಳ ದೃಢೀಕೃತ ಪ್ರತಿ ಮತ್ತು ವಿಚಾರಣಾಧೀನನಾಗಿ ಕಳೆದ ದಿನಗಳ ಲೆಕ್ಕವನ್ನು ಈ ವಾರವೇ ಪಡೆದುಕೊಂಡು ಜಿಲ್ಲಾ ಪ್ರಾಧಿಕಾರದ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.