ಬೆಂಚ್‌ರೆಸ್ಟ್‌ನವರು ಹ್ಯಾರಿ ಪೋಪ್ ಅವರನ್ನು ಇನ್ನೂ ಏಕೆ ನೆನೆಯುತ್ತಾರೆ?

ನೀವು ಕೇಳಿದ್ದು ಹೀಗೆ: "ಬೆಂಚ್‌ರೆಸ್ಟ್ ಶೂಟಿಂಗ್‌ನವರು ಮಾತಿಗೆ ಕೂತರೆ ಗುರಿ ಹೊಡೆದವರಿಗಿಂತ ಕೋವಿ ಮಾಡಿದವರ ಹೆಸರನ್ನೇ ಜಾಸ್ತಿ ಎತ್ತುತ್ತಾರೆ. ಅದರಲ್ಲೂ ಹ್ಯಾರಿ ಪೋಪ್ ಅಂತ ಒಬ್ಬರು. ಯಾರು ಅವರು?"

ನಾನು ಪೀಣ್ಯದ ಟೂಲ್ ರೂಮಿನಲ್ಲಿ 22 ವರ್ಷ ಲೇತ್ ಮುಂದೆ ನಿಂತವನು. ನಮ್ಮದು ಮಲೆನಾಡು, ತೋಟದ ಮನೆಯಲ್ಲಿ ಕೋವಿ ನೋಡಿಯೇ ಬೆಳೆದೆ. ಆದರೆ ಪೋಪ್ ಅವರ ಮೇಲೆ ಅಭಿಮಾನ ಹುಟ್ಟಿದ್ದು ಲೇತ್ ಕೆಲಸದಿಂದ.

ಮೊದಲು ಆಟದ ಬಗ್ಗೆ ಎರಡು ಮಾತು. ಗಟ್ಟಿ ಮೇಜು, ಅದರ ಮೇಲೆ ಮರಳು ಚೀಲ, ಚೀಲದ ಮೇಲೆ ರೈಫಲ್. 100 ಅಥವಾ 200 ಗಜ ದೂರಕ್ಕೆ ಸಾಮಾನ್ಯವಾಗಿ ಐದು ಈಡು. ಆ ಐದು ತೂತು ಒಂದಕ್ಕೊಂದು ಎಷ್ಟು ಹತ್ತಿರ ಬಿದ್ದಿವೆ ಅಂತ ಅಳೆಯುತ್ತಾರೆ. ತೀರಾ ದೂರದ ಎರಡು ತೂತುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಎಷ್ಟಿದೆಯೋ ಅದೇ ಲೆಕ್ಕ, ಅದಕ್ಕೆ ಗ್ರೂಪ್ ಅನ್ನುತ್ತಾರೆ. ಕೈ ನಡುಗಿತು ಅಂತ ಹೇಳುವ ಹಾಗಿಲ್ಲ. ಗಾಳಿ ನೋಡಿ ಹೊಡೆಯುವುದು ಶೂಟರ್ ಕೆಲಸ. ಉಳಿದದ್ದೆಲ್ಲ ಬ್ಯಾರೆಲ್, ಗುಂಡು, ಮದ್ದಿನ ಮೇಲೆ ನಿಂತಿದೆ. ಹೀಗಿರುವಾಗ ಬ್ಯಾರೆಲ್ ಮಾಡಿದವರ ಹೆಸರು ಬಾಯಿಗೆ ಬಾರದೆ ಇರುತ್ತದಾ?

ಪೋಪ್ ಹುಟ್ಟಿದ್ದು 1861ರಲ್ಲಿ, ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ. ಎಂಐಟಿಯಲ್ಲಿ ಓದಿ, ಹಾರ್ಟ್‌ಫರ್ಡ್‌ನ ಸೈಕಲ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬ್ಯಾರೆಲ್ ಮಾಡುವುದು ಆಮೇಲೆ ಅವರ ಬದುಕೇ ಆಯಿತು. 1901ರಿಂದ ಕೆಲವು ವರ್ಷ ಕೋವಿ ಮಾಡುವ ಸ್ಟೀವನ್ಸ್ ಕಂಪನಿ ಜೊತೆ ಇದ್ದರು. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಅಂಗಡಿ ಇಟ್ಟರು. ಅದೇ ಏಪ್ರಿಲ್ 18ಕ್ಕೆ ಭೂಕಂಪ! ಅಂಗಡಿ ಹೋಯಿತು. ಕೊನೆಗೆ ನ್ಯೂಜೆರ್ಸಿಯ ಜೆರ್ಸಿ ಸಿಟಿಗೆ ಬಂದು, ಮಾರಿಸ್ ಸ್ಟ್ರೀಟಿನ ಒಂದು ಕಟ್ಟಡದಲ್ಲಿ ದಶಕಗಟ್ಟಲೆ ಕೆಲಸ ಮಾಡಿದರು.

ಅವರ ಕಾಲದಲ್ಲಿ ದೊಡ್ಡ ಆಟ ಅಂದರೆ ಶ್ಯೂಟ್ಸೆನ್. ಜರ್ಮನಿಯಿಂದ ಬಂದು ನೆಲೆಸಿದವರು ಬೆಳೆಸಿದ್ದು. 200 ಗಜಕ್ಕೆ ನಿಂತು ಹೊಡೆಯುವುದು. ಆದರೆ ಬ್ಯಾರೆಲ್ ಪರೀಕ್ಷೆ ಮಾಡಬೇಕಾದರೆ ರೈಫಲನ್ನು ರೆಸ್ಟ್ ಮೇಲೆ ಇಟ್ಟೇ ಹೊಡೆಯುತ್ತಿದ್ದರು. 1901ರಲ್ಲಿ ಕೊಲರಾಡೋದ ಬೌಲ್ಡರ್‌ನಲ್ಲಿ ಸಿ. ಡಬ್ಲ್ಯೂ. ರೋಲ್ಯಾಂಡ್ ಎಂಬವರು ಪೋಪ್ ಬ್ಯಾರೆಲ್‌ನಿಂದ ಹಾಗೆ ಹತ್ತು ಈಡು ಹೊಡೆದರು. ದೂರ 200 ಗಜ. ಹತ್ತೂ ಸೇರಿ ಗ್ರೂಪ್ 0.725 ಇಂಚು! ನಮ್ಮ ಹತ್ತು ರೂಪಾಯಿ ನಾಣ್ಯ ಇಟ್ಟರೆ ಹತ್ತೂ ತೂತು ಹೆಚ್ಚೂಕಡಿಮೆ ಮುಚ್ಚಿಹೋಗುತ್ತವೆ. ಅದೂ ಬರೀ ಸೀಸದ ಗುಂಡಿನಲ್ಲಿ. ಬೆಂಚ್‌ರೆಸ್ಟ್‌ನವರು ಪೋಪ್ ಅವರನ್ನು ತಮ್ಮ ಹಿರಿಯರು ಅಂದುಕೊಳ್ಳುವುದಕ್ಕೆ ನನ್ನ ಪ್ರಕಾರ ಆ ಹತ್ತು ತೂತಿನ ಗುರಿ ಕಾಗದ ಒಂದೇ ಸಾಕು.

ಆ ಬ್ಯಾರೆಲ್‌ನಲ್ಲಿ ಏನಿತ್ತು? ಒಳಗೆ ಎಂಟು ಗ್ರೂವ್, ಅಂದರೆ ಗುಂಡನ್ನು ತಿರುಗಿಸುವ ಉದ್ದನೆ ಗೀರು, ಎಡಕ್ಕೆ ತಿರುಗುವ ಸುತ್ತು. ಆ ಸುತ್ತು ಗುಂಡು ಹೊರಬೀಳುವ ಬಾಯಿ ಕಡೆ ಬರುತ್ತಾ ಬರುತ್ತಾ ಬಿಗಿಯಾಗುತ್ತದೆ. ತೂತೂ ಬಾಯಿ ಕಡೆ ಕೂದಲೆಳೆಯಷ್ಟು ಕಿರಿದಾಗುತ್ತದೆ. ಗುಂಡು ಮುಂದೆ ಹೋದ ಹಾಗೆ ಸಡಿಲಾಗುವ ಪ್ರಶ್ನೆಯೇ ಇಲ್ಲ. ಕಾಗದದ ಮೇಲೆ ಇದು ಸುಲಭ. ಲೇತ್ ಮುಂದೆ ನಿಂತವರಿಗೆ ಗೊತ್ತು, ಕಿರುಬೆರಳೂ ತೂರದ ತೂತು, ಎರಡೂವರೆ ಅಡಿ ಉದ್ದ. ಒಳಗೆ ಟೂಲ್ ಏನು ಮಾಡುತ್ತಿದೆ ಅಂತ ಕಣ್ಣಿಗೆ ಕಾಣುವುದೇ ಇಲ್ಲ.

ನನಗೆ ಇದರ ಬಿಸಿ ತಟ್ಟಿದ್ದು ಕೆಲಸಕ್ಕೆ ಸೇರಿದ ಮೂರನೇ ವರ್ಷ. ಒಂದು ಉದ್ದದ ಸಿಲಿಂಡರ್ ಟ್ಯೂಬ್ ಬೋರ್ ಮಾಡಿದ್ದೆ. ಎರಡೂ ತುದಿಯಲ್ಲಿ ಗೇಜ್ ಸರಿಯಾಗಿ ಕೂತಿತು. ನಮ್ಮ ಮೇಸ್ತ್ರಿ ಏನೂ ಮಾತಾಡಲಿಲ್ಲ. ತೂತಿನ ಅಳತೆಗೆ ಸೀಸದ ಒಂದು ಬಿಲ್ಲೆ ಎರಕ ಹೊಯ್ದು, ಎಣ್ಣೆ ಹಚ್ಚಿ, ಕಡ್ಡಿಯಿಂದ ಒಳಗೆ ನೂಕಿದರು. "ನೀನೇ ನೂಕಿ ನೋಡು ಮಾರಾಯ" ಅಂದರು. ಒಂದು ಗೇಣು ಸಲೀಸಾಗಿ ಹೋಯಿತು. ಆಮೇಲೆ ಬಿಗಿ. ಆಮೇಲೆ ತಟಕ್ಕನೆ ಸಡಿಲ. ಅಂಗೈಗೆ ಎಲ್ಲವೂ ಗೊತ್ತಾಯಿತು. ಆ ಟ್ಯೂಬ್ ಗುಜರಿಗೆ ಹೋಯಿತು. ಬ್ಯಾರೆಲ್ ಮಾಡುವವರೂ ಒಳಗಿನ ಬಿಗಿ ಸಡಿಲನ್ನು ಹೀಗೆಯೇ ಸೀಸ ನೂಕಿ ಕೈಯಲ್ಲಿ ತಿಳಿಯುತ್ತಾರೆ ಅಂತ ಎಷ್ಟೋ ವರ್ಷದ ಮೇಲೆ ಓದಿದೆ. ಓದುವಾಗ ಮೇಸ್ತ್ರಿ ಪಕ್ಕದಲ್ಲೇ ನಿಂತ ಹಾಗೆ ಅನಿಸಿತು.

ಪೋಪ್ ಯಾರಿಗೂ ತಾರೀಖು ಹೇಳುತ್ತಿರಲಿಲ್ಲ. ಕೆಲಸ ಯಾವಾಗ ಮುಗಿಯುತ್ತದೆ ಅಂತ ಮಾತು ಕೊಡುವುದಿಲ್ಲ, ಅವಸರ ಇದ್ದರೆ ಬೇರೆ ಕಡೆ ಹೋಗಿ ಅನ್ನುವ ಅರ್ಥದ ಬೋರ್ಡನ್ನೇ ಹಾಕಿದ್ದರು. ಇದನ್ನು ಓದಿ ಕೆಲವರು ಸೊಕ್ಕು ಅನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ತಾರೀಖಿಗೆ ಕೊಡಬೇಕು ಅಂತ ಒಂದು ಬಿಗಿ ಜಾಗವನ್ನು ಹಾಗೇ ಬಿಟ್ಟು ಕಳಿಸುವುದು ಅವರಿಂದ ಆಗುತ್ತಿರಲಿಲ್ಲ, ಅಷ್ಟೇ.

ಅವರು ತೀರಿಕೊಂಡದ್ದು 1950ರಲ್ಲಿ. ಅಮೆರಿಕದ ಬೆಂಚ್‌ರೆಸ್ಟ್ ಸಂಘ ಎನ್‌ಬಿಆರ್‌ಎಸ್‌ಎ ಹುಟ್ಟಿದ್ದು 1951ರಲ್ಲಿ. ಇವತ್ತಿನ ಬೆಂಚ್‌ರೆಸ್ಟ್ ಬ್ಯಾರೆಲ್‌ಗಳು ಅವರ ನಕಲು ಅಂತ ಹೇಳಲಾರೆ. ಈಗ ತಾಮ್ರದ ಹೊದಿಕೆಯ ಗುಂಡು, ಹಿಂದಿನಿಂದ ತುಂಬುವುದು. ಆದರೆ ಒಂದೇ ಮೊನೆಯಿಂದ ಕೆರೆದು ಕೆರೆದು ಗ್ರೂವ್ ತೆಗೆಯುವ ಪದ್ಧತಿ ಇನ್ನೂ ಇದೆ. ಕ್ರೀಗರ್‌ನಂಥ ಕಂಪನಿಗಳು ಈಗಲೂ ಹಾಗೆಯೇ ಮಾಡುತ್ತವೆ.

ಪೋಪ್ ಪದ್ಧತಿಯಲ್ಲಿ ಮದ್ದು ಹಿಂದಿನಿಂದ, ಗುಂಡು ಮುಂದಿನ ಬಾಯಿಯಿಂದ. ಗುಂಡು ಇಳಿಸುವಾಗ ಬಾಯಿ ಸವೆಯಬಾರದಲ್ವಾ? ಅದಕ್ಕೆ ಅದೇ ಬ್ಯಾರೆಲ್‌ನ ತುದಿಯಿಂದ ಒಂದು ತುಂಡು ಕತ್ತರಿಸಿ, ಪಿನ್ ಕೂರಿಸಿ, ಮತ್ತೆ ಅಲ್ಲೇ ಜೋಡಿಸುವ ಹಾಗೆ ಮಾಡುತ್ತಿದ್ದರು. ಗ್ರೂವ್‌ಗಳು ಒಂದಕ್ಕೊಂದು ಸರಿಯಾಗಿ ಕೂರಬೇಕು. ಇದಕ್ಕೆ ಫಾಲ್ಸ್ ಮಝಲ್ ಅನ್ನುತ್ತಾರೆ. ಈಡು ಹೊಡೆಯುವ ಮುಂಚೆ ಮರೆಯದೆ ತೆಗೆಯಲಿ ಅಂತ, ನೋಟಕ್ಕೆ ಅಡ್ಡ ಬರುವ ಹಾಗೆ ಮೇಲೆ ಒಂದು ಗುಬಟು. ಒಂದು ಬ್ಯಾರೆಲ್‌ನ ತುಂಡು ಇನ್ನೊಂದಕ್ಕೆ ಆಗುವುದಿಲ್ಲ. ಹಾಗಾಗಿ ಇವತ್ತಿಗೂ ಹಳೆಯ ಪೋಪ್ ರೈಫಲ್ ಮಾರಾಟಕ್ಕೆ ಬಂದರೆ, ತಿಳಿದವರು ಬೆಲೆ ಕೇಳುವ ಮುಂಚೆ ಕೇಳುವುದು, ಆ ತುಂಡು ಜೊತೆಗಿದೆಯಾ ಅಂತ.