ಸಾವಿರಾರು ಕೋರ್, ಹತ್ತಾರು ಬಳಕೆದಾರರು: ಇದಕ್ಕೊಂದು ಲಿಸ್ಪ್ ಕಟ್ಟಲು ಫ್ಯೂಚರ್ ಸೇರಿಸಿದರೆ ಸಾಕಾ?

ಸಾಲದು. ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ನಾನೂ ಹವ್ಯಾಸಕ್ಕೆ ಒಂದು ಪುಟ್ಟ ಇಂಟರ್‌ಪ್ರಿಟರ್ (ಕೋಡ್ ಓದಿ ಓಡಿಸುವ ಪ್ರೋಗ್ರಾಂ) ಬರೆದು ಅಲ್ಲೇ ಎಡವಿದ್ದೆ.

ಫ್ಯೂಚರ್ ಹೊಸದೇನಲ್ಲ. 1985ರ ಹೊತ್ತಿಗೇ ರಾಬರ್ಟ್ ಹಾಲ್‌ಸ್ಟೆಡ್ ಅದನ್ನು ಮಲ್ಟಿಲಿಸ್ಪ್ ಎಂಬ ಸಮಾಂತರ ಲಿಸ್ಪ್‌ಗೆ ತಂದಿದ್ದರು. ‘ಉತ್ತರ ಆಮೇಲೆ ಕೊಡ್ತೀನಿ, ಸದ್ಯಕ್ಕೆ ಈ ಚೀಟಿ ಇಟ್ಕೊ’ ಅನ್ನುವ ಉಪಾಯ. ನಾನು ಪ್ರತಿ ಸಣ್ಣ ಕೂಡಿಕೆಗೂ ಒಂದೊಂದು ಚೀಟಿ ಹರಿದೆ. ಲೆಕ್ಕಕ್ಕಿಂತ ಚೀಟಿ ಹಂಚುವ ಕೆಲಸವೇ ಜಾಸ್ತಿಯಾಯಿತು. ಒಂದೇ ಕೋರ್‌ಗೆ (ಪ್ರೊಸೆಸರ್‌ನ ಲೆಕ್ಕ ಮಾಡುವ ಒಂದು ಘಟಕಕ್ಕೆ) ಬಿಟ್ಟಿದ್ದರೆ ಬೇಗ ಮುಗಿಯುತ್ತಿತ್ತು!

ನಿಜವಾದ ತೊಡಕು ಇರುವುದು ಲಿಸ್ಪ್‌ನ ಜೀವಾಳವಾದ ಕಾನ್ಸ್ ಪಟ್ಟಿಯಲ್ಲೇ, ಅಂದರೆ ಪ್ರತಿ ಅಂಶವೂ ಮುಂದಿನದಕ್ಕೆ ಕೊಂಡಿ ಹಾಕಿಕೊಂಡಿರುವ ಸರಪಳಿಯಲ್ಲೇ. ನಡುವಿನ ಅಂಶ ಬೇಕೆಂದರೆ ಮೊದಲಿನಿಂದ ಒಂದೊಂದೇ ಕೊಂಡಿ ಹಿಡಿದು ನಡೆಯಬೇಕು. ಸಾವಿರ ಕೋರ್ ಇದ್ದರೇನು, ಎಲ್ಲಾ ಒಂದೇ ಬಾಗಿಲ ಮುಂದೆ ಸರದಿ ನಿಂತ ಹಾಗೆ. ಪ್ರೋಗ್ರಾಮಿಂಗ್ ಭಾಷೆಗಳ ತಜ್ಞ ಗೈ ಸ್ಟೀಲ್ 2009ರಲ್ಲಿ ಇದನ್ನೇ ಹೇಳಿದ್ದರು: ಪಟ್ಟಿಯ ಬದಲು ಮರದ ರೂಪ ಬಳಸಿ. ಎರಡೂ ಕಡೆ ಸಮವಾಗಿ ಕವಲೊಡೆದ ಮರದಲ್ಲಿ 10 ಲಕ್ಷ ಅಂಶಗಳಿದ್ದರೂ ಆಳ ಸುಮಾರು 20 ಹಂತ ಅಷ್ಟೆ. ಎಡ ಕೊಂಬೆ ಒಂದು ಕೋರ್‌ಗೆ, ಬಲ ಕೊಂಬೆ ಇನ್ನೊಂದಕ್ಕೆ ಕೊಟ್ಟು ಕೊನೆಗೆ ಕೂಡಿಸಬಹುದು. ಒಂದು ಷರತ್ತಿದೆ. ಯಾವ ಜೋಡಿಯನ್ನು ಮೊದಲು ಸೇರಿಸಿದರೂ ಉತ್ತರ ಒಂದೇ ಬರಬೇಕು. ಸಂಕಲನಕ್ಕೆ ಸರಿ, ವ್ಯವಕಲನಕ್ಕೆ ಆಗಲ್ಲ. ದಶಮಾಂಶ ಸಂಖ್ಯೆಗಳನ್ನು ಕೂಡುವಾಗಲೂ ಕೊನೆಯ ಅಂಕಿಗಳು ಆಚೀಚೆ ಆಗುತ್ತವೆ. ನಾನು ಅದನ್ನು ದೋಷ ಅಂತ ಎರಡು ದಿನ ಹುಡುಕಿದ್ದೆ.

ಇನ್ನು ಹಲವು ಬಳಕೆದಾರರ ವಿಷಯ. ಹಳೆಯ ಲಿಸ್ಪ್ ಯಂತ್ರಗಳು (ಲಿಸ್ಪ್ ಓಡಿಸಲೆಂದೇ ಕಟ್ಟಿದ ಕಂಪ್ಯೂಟರ್‌ಗಳು) ಒಬ್ಬರಿಗೆ ಒಂದು ಅಂತ ಮಾಡಿದವು. ಹಾಗಾಗಿ ಯಾವ ಫಂಕ್ಷನ್ನನ್ನು ಬೇಕಾದರೂ ಬದಲಿಸುವ ಸ್ವಾತಂತ್ರ್ಯ ಅಲ್ಲಿ ಹಿತವಾಗಿತ್ತು. ನಿಮ್ಮಲ್ಲಿ ಹಾಗಲ್ಲ ಅಲ್ವಾ? ಎಲ್ಲರಿಗೂ ಕಾಣುವ ಜಾಗತಿಕ ಹೆಸರುಗಳ ಕೋಷ್ಟಕವನ್ನು ತೆಗೆದೇ ಬಿಡಿ. ಕೋಡನ್ನು ಓಡಿಸುವ ಇವ್ಯಾಲ್ ಫಂಕ್ಷನ್‌ಗೆ ಪ್ರತಿ ಬಾರಿಯೂ ಒಂದು ಎನ್ವಿರಾನ್‌ಮೆಂಟ್ (ಆ ಕೋಡ್‌ಗೆ ಕಾಣುವ ಹೆಸರುಗಳ ಪಟ್ಟಿ) ಕೊಡಿ. ಅದರಲ್ಲಿ ಫೈಲ್ ತೆರೆಯುವ ಫಂಕ್ಷನ್ ಇಲ್ಲದಿದ್ದರೆ ಆ ಬಳಕೆದಾರನಿಗೆ ಫೈಲ್ ಎಂಬುದೇ ಇಲ್ಲ. ಬೇರೆ ಅನುಮತಿ ಪಟ್ಟಿ ಬೇಕಾಗಲ್ಲ. ಜೊನಾಥನ್ ರೀಸ್ 1990ರ ದಶಕದಲ್ಲಿ ಲಿಸ್ಪ್‌ನ ಒಂದು ರೂಪವಾದ ಸ್ಕೀಮ್ ಮೇಲೆ ಈ ದಾರಿಯನ್ನೇ ತೋರಿಸಿದ್ದರು.

ಆದರೆ ಇದರಿಂದ ಕೊನೆಯಿಲ್ಲದ ಲೂಪ್ ನಿಲ್ಲುವುದಿಲ್ಲ. ಒಬ್ಬೊಬ್ಬರಿಗೂ ಸಮಯ, ಮೆಮೊರಿಗೆ ಮಿತಿ ಹಾಕಿ. ಎರ್ಲಾಂಗ್ ಭಾಷೆಯಲ್ಲಿ ಪ್ರತಿ ಪ್ರೊಸೆಸ್‌ಗೂ ತನ್ನದೇ ಹೀಪ್ (ಡೇಟಾ ಇಡುವ ಮೆಮೊರಿ ಜಾಗ) ಇರುವ ಹಾಗೆ ಪ್ರತಿ ಬಳಕೆದಾರನಿಗೂ ಬೇರೆ ಹೀಪ್ ಇಟ್ಟರೆ, ಒಬ್ಬರ ಕಸ (ಇನ್ನು ಬೇಡವಾದ ಡೇಟಾ) ಗುಡಿಸಲು ಎಲ್ಲರನ್ನೂ ನಿಲ್ಲಿಸಬೇಕಿಲ್ಲ.

ಮ್ಯಾಕ್ರೋ, ಸಿಂಟ್ಯಾಕ್ಸ್ ಅಂತ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಮೊದಲು ಮರ ಮತ್ತು ಒಂದು ರಿಡ್ಯೂಸ್ (ಎಲ್ಲ ಅಂಶಗಳನ್ನೂ ಸೇರಿಸಿ ಒಂದೇ ಉತ್ತರ ಕೊಡುವ ಫಂಕ್ಷನ್) ಬರೆದು 1, 2, 4 ಕೋರ್‌ಗಳಲ್ಲಿ ಓಡಿಸಿ ನೋಡಿ. ಕೊಂಬೆ ಎಷ್ಟು ಸಣ್ಣದಾದಾಗ ಒಡೆಯುವುದನ್ನು ನಿಲ್ಲಿಸಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.