ಜೀನು ಕಂಡೊಡನೆ ಕಿವಿ ಹಿಂದಕ್ಕೊರಗಿಸುವ ಕುದುರೆ
ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಪ್ರಶ್ನೆ: ನನ್ನ ಬಳಿ ಒಂಬತ್ತು ವರ್ಷದ ಹೆಣ್ಣು ಕುದುರೆಯಿದೆ. ಮೂರು ವರ್ಷಗಳಿಂದ ನಾನೇ ಅದನ್ನು ನೋಡಿಕೊಳ್ಳುತ್ತಿದ್ದೇನೆ. ಸುಮಾರು ಐದು ತಿಂಗಳ ಹಿಂದಿನವರೆಗೂ ಮಕ್ಕಳು ಹತ್ತಿರ ಹೋದರೂ ಅಲುಗದೆ ನಿಲ್ಲುತ್ತಿದ್ದ ಪ್ರಾಣಿ, ಈಗ ಜೀನು ತಂದೊಡನೆ ಕಿವಿಗಳನ್ನು ಹಿಂದಕ್ಕೆ ಒರಗಿಸುತ್ತದೆ. ಹೊಟ್ಟೆಯ ಪಟ್ಟಿ ಬಿಗಿಯುವಾಗ ಕಚ್ಚಲು ಬರುತ್ತದೆ. ಎಡಕ್ಕೆ ತಿರುಗಿ ಕ್ಯಾಂಟರ್ (ಮಧ್ಯಮ ವೇಗದ ನೆಗೆತದ ಓಟ) ಹೋಗಲು ಒಪ್ಪದೆ ಹಿಂಗಾಲಿನಿಂದ ಒದೆಯುತ್ತದೆ. ವೈದ್ಯರೊಬ್ಬರು ಹಗ್ಗ ಹಿಡಿದು ನಡೆಸಿ, ಓಡಿಸಿ ನೋಡಿ ಕುಂಟಿಲ್ಲ ಎಂದರು. ಐದು ದಿನ ನೋವಿನ ಔಷಧ ಕೊಟ್ಟರೂ ವ್ಯತ್ಯಾಸ ಕಾಣಲಿಲ್ಲ. ಇದು ಶುದ್ಧ ಹಟ, ಚಾಟಿ ಹಿಡಿಯದಿದ್ದರೆ ಇನ್ನೂ ಕೆಡುತ್ತದೆ ಎಂದು ತರಬೇತುದಾರರು ಹೇಳುತ್ತಿದ್ದಾರೆ. ಹಾಗಾದರೆ ಇದು ಅದರ ಸ್ವಭಾವವೇ?

ಉತ್ತರ: ಮೊದಲು ಚಾಟಿಯನ್ನು ಬದಿಗಿಡಿ, ಪರೀಕ್ಷೆ ಮುಗಿಯುವವರೆಗೆ ಸವಾರಿಯನ್ನೂ ನಿಲ್ಲಿಸಿ. ಸ್ವಭಾವವೆಂಬುದು ಐದು ತಿಂಗಳ ಹಿಂದೆ ಒಂದು ದಿನ ಬಂದು ಸೇರಿಕೊಳ್ಳುವಂಥದ್ದಲ್ಲ. ಮೂರು ವರ್ಷ ಸೌಮ್ಯವಾಗಿದ್ದ ಪ್ರಾಣಿ ಬದಲಾಯಿತೆಂದರೆ ಅದರ ದೇಹದಲ್ಲೋ ದಿನಚರಿಯಲ್ಲೋ ಏನೋ ಬದಲಾಗಿದೆ, ಮತ್ತು ಆ ಬದಲಾವಣೆಯ ಕಾಲ ನಿಮಗೆ ಹೆಚ್ಚುಕಡಿಮೆ ತಿಳಿದಿದೆ. ಆದ್ದರಿಂದ ಆ ದಿನಗಳ ಸುತ್ತಮುತ್ತ ಏನೇನಾಯಿತೆಂಬುದನ್ನು ನೆನಪಿಸಿಕೊಂಡು ಬರೆದಿಡಿ: ಜೀನು ಬದಲಾಯಿತೇ, ಲಾಳ ಕಟ್ಟುವವರು ಬದಲಾದರೇ, ಕಾಳು ಹೆಚ್ಚಿಸಿದಿರಾ, ಲಾಯದೊಳಗೇ ಕಟ್ಟಿಹಾಕುವ ಅವಧಿ ಹೆಚ್ಚಿತೇ, ಜೊತೆಗಿದ್ದ ಕುದುರೆ ಬೇರೆಡೆಗೆ ಹೋಯಿತೇ, ಮೈ ಇಳಿಯಿತೇ, ಎಲ್ಲಾದರೂ ಜಾರಿ ಬಿದ್ದಿತ್ತೇ. ಈ ಒಂದು ಪುಟ ವೈದ್ಯರಿಗೆ ಎಷ್ಟೋ ಯಂತ್ರಗಳಿಗಿಂತ ಹೆಚ್ಚು ನೆರವಾಗುತ್ತದೆ.

ಕುಂಟಿಲ್ಲ ಎಂಬ ತೀರ್ಪಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ಕಾಲು ನೋಯುತ್ತಿದ್ದರೆ ಕುದುರೆ ಅದರ ಮೇಲೆ ಭಾರ ಬಿಡದೆ ತಲೆಯನ್ನೋ ಸೊಂಟವನ್ನೋ ಏರಿಳಿಸುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಎರಡೂ ಹಿಂಗಾಲುಗಳು ಒಂದೇ ಸಮನೆ ನೋಯುತ್ತಿದ್ದರೆ ಭಾರವನ್ನು ವರ್ಗಾಯಿಸಲು ಬೇರೆ ಕಾಲೇ ಇಲ್ಲವಾದ್ದರಿಂದ ಹೆಜ್ಜೆ ಗಿಡ್ಡವಾಗುತ್ತದೆಯೇ ಹೊರತು ಕುಂಟು ಕಾಣುವುದಿಲ್ಲ. ಇನ್ನು ಕೆಲವು ನೋವುಗಳು ಬೆನ್ನ ಮೇಲೆ ಸವಾರನ ತೂಕ ಬಿದ್ದಾಗ ಮಾತ್ರ ಏಳುತ್ತವೆ. ಅನೇಕ ವರ್ಷಗಳ ಹಿಂದೆ ನಾನೇ ಬೀಜ ತೆಗೆಸಿದ ಒಂದು ಗಂಡು ಕುದುರೆಯನ್ನು ಹಗ್ಗದಲ್ಲಿ ಓಡಿಸಿ ನೋಡಿ, ಏನೂ ತೊಂದರೆಯಿಲ್ಲವೆಂದು ಬರೆದುಕೊಟ್ಟಿದ್ದೆ. ಮಾಲೀಕರು ಆ ಕಾಗದವನ್ನು ನಂಬಿ ಅದನ್ನು ಗದರಿಸಿ, ಹೊಡೆದು, ನಾಲ್ಕು ತಿಂಗಳು ಸವಾರಿ ಮಾಡಿಸಿದರು. ಮತ್ತೆ ಕರೆ ಬಂದಾಗ ಸವಾರನನ್ನು ಹತ್ತಿಸಿ ನೋಡಿದೆ. ಹಿಂಗಾಲುಗಳ ನರಗಳಿಗೆ ಸ್ಥಳೀಯ ಅರಿವಳಿಕೆ ಚುಚ್ಚಿದ ಸ್ವಲ್ಪ ಹೊತ್ತಿಗೆಲ್ಲ ಅದೇ ಕುದುರೆ ಬಾಲ ಬಡಿಯುವುದನ್ನು ಬಿಟ್ಟು ನೀಳ ಹೆಜ್ಜೆಯಲ್ಲಿ ಓಡಿತು. ಆ ನಾಲ್ಕು ತಿಂಗಳನ್ನು ಅದಕ್ಕೆ ಹಿಂದಿರುಗಿಸಲು ನನ್ನಿಂದ ಆಗಲಿಲ್ಲ. ಅಂದಿನಿಂದ, ಸವಾರಿಯಲ್ಲಿ ಮಾತ್ರ ತೊಂದರೆ ಕೊಡುವ ಕುದುರೆಯನ್ನು ಸವಾರಿಯಲ್ಲಿ ನೋಡದೆ ನಾನು ಅಭಿಪ್ರಾಯ ಕೊಟ್ಟಿಲ್ಲ. ಹೀಗೆ ನೋಡುವಾಗ ಸುರಕ್ಷತೆ ಮುಖ್ಯ: ಅನುಭವಿ ಸವಾರರೇ ಹತ್ತಲಿ, ಕುದುರೆ ಮುಂಗಾಲೆತ್ತಿ ನಿಲ್ಲುವಂತಿದ್ದರೆ ಯಾರೂ ಹತ್ತುವುದು ಬೇಡ.

ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಸಹೋದ್ಯೋಗಿಗಳು 2018ರಲ್ಲಿ ಸವಾರಿಯಲ್ಲಿರುವ ಕುದುರೆಯ 24 ವರ್ತನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಕಿವಿಗಳನ್ನು 5 ಸೆಕೆಂಡಿಗಿಂತ ಹೆಚ್ಚು ಕಾಲ ಹಿಂದಕ್ಕೆ ಒರಗಿಸಿಕೊಂಡಿರುವುದು, ಹಲ್ಲುಗಳ ನಡುವೆ ಅಂತರ ಕಾಣುವಂತೆ ಬಾಯನ್ನು ಮತ್ತೆ ಮತ್ತೆ ತೆರೆಯುವುದು, ಕಣ್ಣು ಒಂದೆಡೆ ನೆಟ್ಟು ಶೂನ್ಯವಾಗಿ ದಿಟ್ಟಿಸುವುದು, ಕಡಿವಾಣ ಬಾಯಿಯ ಒಂದೇ ಪಕ್ಕಕ್ಕೆ ಸರಿದಿರುವುದು, ಹಿಂಗೊರಸಿನ ತುದಿ ನೆಲಕ್ಕೆ ಎಳೆಯುವುದು, ಕ್ಯಾಂಟರ್‌ನಲ್ಲಿ ಕಾಲುಗಳ ಕ್ರಮ ತಪ್ಪುವುದು ಮುಂತಾದವು ಅದರಲ್ಲಿವೆ. ಎಂಟು ಅಥವಾ ಹೆಚ್ಚು ವರ್ತನೆಗಳು ಕಂಡರೆ ಸ್ನಾಯು, ಮೂಳೆ, ಕೀಲುಗಳ ನೋವು ಇರುವ ಸಾಧ್ಯತೆ ಬಲವಾಗಿದೆ ಎಂಬುದು ಅವರ ನಿರ್ಣಯ. ನೀವು ಬರೆದಿರುವುದರಲ್ಲೇ ಕೆಲವು ಆ ಪಟ್ಟಿಗೆ ಸೇರುತ್ತವೆ. ಮೊಬೈಲ್‌ನಲ್ಲಿ ವೈದ್ಯರ ಮುಂದಿನ ಆ ಸವಾರಿಯ ವೇಳೆಯಲ್ಲೇ ಎರಡೂ ದಿಕ್ಕಿನ ಟ್ರಾಟ್ (ಹದವಾದ ಓಟ) ಮತ್ತು ಕ್ಯಾಂಟರ್ ಅನ್ನು ಚಿತ್ರೀಕರಿಸಿ, ನಿಧಾನಗತಿಯಲ್ಲಿ ನೋಡಿ ಎಣಿಸಿ. ಎಂಟಕ್ಕಿಂತ ಕಡಿಮೆ ಬಂದರೆ ನೋವೇ ಇಲ್ಲವೆಂದು ಅರ್ಥವಲ್ಲ. ಹೆಚ್ಚು ಬಂದರೂ ಎಲ್ಲಿ ನೋವಿದೆ ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ, ಅದನ್ನು ಹುಡುಕಲು ಅರಿವಳಿಕೆಯ ಪರೀಕ್ಷೆ, ಎಕ್ಸ್‌-ರೇ, ಅಲ್ಟ್ರಾಸೌಂಡ್‌ಗಳೇ ಬೇಕು. ಎಡ ಕ್ಯಾಂಟರ್ ಮಾತ್ರ ಬೇಡವೆನ್ನುವುದರಿಂದ ಹಿಂಗಾಲುಗಳ ಅಸ್ಥಿರಜ್ಜುವಿನ (ಕೀಲನ್ನು ಆಧರಿಸುವ ಗಟ್ಟಿ ನಾರಿನ ಕಟ್ಟು) ಮೇಲ್ಭಾಗ, ಸೊಂಟ ಬೆನ್ನುಮೂಳೆಗೆ ಸೇರುವ ಕೀಲು, ಇವೆರಡನ್ನೂ ನೋಡಲೇಬೇಕು.

ಔಷಧದ ಪ್ರಯೋಗ ಸೋತಿತೆಂಬ ಕಾರಣಕ್ಕೆ ನೋವಿಲ್ಲವೆಂದು ತೀರ್ಮಾನಿಸುವುದು ತಪ್ಪು, ಮತ್ತು ಈ ತಪ್ಪು ಬಹಳ ಕಡೆ ನಡೆಯುತ್ತದೆ. ಫಿನೈಲ್‌ಬ್ಯೂಟಜೋನ್‌ನಂಥ ಔಷಧಗಳು ಉರಿಯೂತವನ್ನು ತಗ್ಗಿಸುತ್ತವೆ. ನರಗಳಿಂದ ಬರುವ ನೋವಿಗೂ ಬೆನ್ನಿನ ಹಳೆಯ ನೋವಿಗೂ ಅವು ಅನೇಕ ಬಾರಿ ಸಾಲುವುದಿಲ್ಲ. ಜಠರದ ಹುಣ್ಣಿಗೆ ಅವು ಮದ್ದಲ್ಲ, ಹೆಚ್ಚು ದಿನ ಕೊಟ್ಟರೆ ಅವುಗಳಿಂದಲೇ ಹುಣ್ಣಾಗಬಹುದು. ಆದ್ದರಿಂದ ಪ್ರಮಾಣ ಹೆಚ್ಚಿಸಿ ಇನ್ನೊಮ್ಮೆ ನೋಡೋಣವೆಂದು ನೀವಾಗಿಯೇ ಮುಂದುವರಿಸಬೇಡಿ.

ಪಟ್ಟಿ ಬಿಗಿಯುವಾಗ ಕಚ್ಚುವ ಕುದುರೆಯಲ್ಲಿ ಜಠರವನ್ನು ನಾನು ಎಂದೂ ಮರೆಯುವುದಿಲ್ಲ. ಕುದುರೆಯ ಜಠರ ಅದರ ಮೈಗಾತ್ರಕ್ಕೆ ಹೋಲಿಸಿದರೆ ಚಿಕ್ಕದು, ಮತ್ತು ಆಮ್ಲ ಹಗಲಿರುಳು ಒಸರುತ್ತಲೇ ಇರುತ್ತದೆ, ತಿನ್ನಲಿ ತಿನ್ನದಿರಲಿ. ಹುಲ್ಲು ಮೇಯುತ್ತಿರುವಾಗ ಅಗಿದ ಮೇವೂ ಅಗಿಯುವಾಗ ಸುರಿಯುವ ಜೊಲ್ಲೂ ಆ ಆಮ್ಲವನ್ನು ಹಿಡಿದಿಡುತ್ತವೆ. ಹೊಟ್ಟೆ ಗಂಟೆಗಟ್ಟಲೆ ಬರಿದಾಗಿದ್ದು, ಆ ಸ್ಥಿತಿಯಲ್ಲಿ ಓಡಿಸಿದರೆ, ಹೊಟ್ಟೆಯ ಸ್ನಾಯುಗಳ ಒತ್ತಡಕ್ಕೆ ಆಮ್ಲ ಮೇಲಕ್ಕೆ ಚಿಮ್ಮಿ, ಲೋಳೆಯ ರಕ್ಷಣೆಯಿಲ್ಲದ ಮೇಲ್ಭಾಗದ ಒಳಪದರವನ್ನು ಸುಡುತ್ತದೆ. ಕಾಳಿನ ಪಿಷ್ಟ ಹುದುಗಿ ಹುಟ್ಟುವ ಆಮ್ಲಗಳೂ ಇದಕ್ಕೆ ಸೇರುತ್ತವೆ. ಹುಣ್ಣನ್ನು ಖಚಿತಪಡಿಸುವ ದಾರಿ ಒಂದೇ: ಉಪವಾಸವಿರಿಸಿ, ಮಂಪರು ಬರಿಸುವ ಔಷಧ ಕೊಟ್ಟು, ಸುಮಾರು 3 ಮೀಟರ್ ಉದ್ದದ ಗ್ಯಾಸ್ಟ್ರೋಸ್ಕೋಪ್ ನಳಿಕೆಯನ್ನು ಮೂಗಿನ ಮೂಲಕ ಇಳಿಸಿ ಕಣ್ಣಾರೆ ನೋಡುವುದು. ರಕ್ತಪರೀಕ್ಷೆಯಲ್ಲಿ ಇದು ತಿಳಿಯುವುದಿಲ್ಲ. ಮೇಲ್ಭಾಗದ ಹುಣ್ಣು ಆಮ್ಲ ತಗ್ಗಿಸುವ ಒಮೆಪ್ರಜೋಲ್‌ಗೆ ಬಹುಮಟ್ಟಿಗೆ ನಾಲ್ಕು ವಾರಗಳಲ್ಲಿ ಮಾಗುತ್ತದೆ. ಕೆಳಭಾಗದ ಗ್ರಂಥಿಯುಳ್ಳ ಪದರದ ಹುಣ್ಣು ಅಷ್ಟು ಸುಲಭವಾಗಿ ಮಣಿಯುವುದಿಲ್ಲ, ಅದಕ್ಕೆ ಬೇರೆ ಚಿಕಿತ್ಸೆಯೂ ಬೇಕಾಗಬಹುದು. ಪರೀಕ್ಷೆಗೆ ಕಾಯುತ್ತಿರುವಾಗಲೂ ನೀವು ಮಾಡಬಹುದಾದ ಕೆಲಸವಿದೆ. 100 ಕಿಲೋ ಮೈತೂಕಕ್ಕೆ ದಿನಕ್ಕೆ ಕನಿಷ್ಠ 1.5 ಕಿಲೋ ಒಣತೂಕದ ಮೇವು ಸಿಗಲಿ, ಅಂದರೆ 450 ಕಿಲೋ ಕುದುರೆಗೆ ಸುಮಾರು 7 ಕಿಲೋ. ಅದನ್ನು ದಿನವಿಡೀ ಹಂಚಿ ಹಾಕಿ, ಕಾಳನ್ನು ಕಡಿಮೆ ಮಾಡಿ. ಮುಂದೆ ಸವಾರಿ ಆರಂಭಿಸಿದಾಗ, ಹತ್ತುವ ಮುನ್ನ ಒಂದಿಷ್ಟು ಹುಲ್ಲು ತಿನ್ನಿಸಿ.

ಇನ್ನು ಜೀನು. ಹದವಾಗಿ ಬೆವರಿಳಿಯುವಷ್ಟು ಓಡಿದ ನಂತರ ಜೀನು ತೆಗೆದಾಗ ಬೆನ್ನಿನ ಮೇಲೆ ಒದ್ದೆಯ ನಡುವೆ ಒಣ ತೇಪೆಗಳು ಉಳಿದಿದ್ದರೆ ಅಲ್ಲಿ ಒತ್ತಡ ಹೆಚ್ಚಿರಬಹುದು, ಅಥವಾ ಜೀನು ಅಲ್ಲಿ ತಾಗುತ್ತಲೇ ಇಲ್ಲದಿರಬಹುದು. ಕೈಯಿಂದ ಒತ್ತಿ ನೋಡಿ ತಿಳಿಯಬೇಕು. ಅಲ್ಲಲ್ಲಿ ಹುಟ್ಟಿದ ಬಿಳಿ ಕೂದಲು ಹಿಂದೆ ಆದ ಗಾಯದ ಗುರುತು. ಕುದುರೆ ಮೈ ಇಳಿದಾಗ, ಮೈ ತುಂಬಿದಾಗ, ಹೋದ ವರ್ಷ ಸರಿಯಾಗಿದ್ದ ಜೀನೇ ಈ ವರ್ಷ ಇಕ್ಕಳವಾಗುತ್ತದೆ. ಬೆನ್ನುಮೂಳೆಯ ಮೇಲಣ ಮುಳ್ಳುಗಳು ಒಂದಕ್ಕೊಂದು ತಾಗುವ ತೊಂದರೆಯೂ ಜೀನಿನ ಕೆಳಗೇ ಹೆಚ್ಚು ಕಾಣುತ್ತದೆ. ಆದರೆ ಎಕ್ಸ್‌-ರೇಯಲ್ಲಿ ಅವು ತಾಗಿಕೊಂಡಿದ್ದೂ ನೋವಿಲ್ಲದ ಕುದುರೆಗಳು ಬೇಕಾದಷ್ಟಿವೆ. ಚಿತ್ರವೊಂದನ್ನೇ ನಂಬಿ ಶಸ್ತ್ರಚಿಕಿತ್ಸೆಗೆ ಒಪ್ಪಬೇಡಿ. ಆ ಜಾಗಕ್ಕೆ ಅರಿವಳಿಕೆ ಕೊಟ್ಟಾಗ ವರ್ತನೆ ಬದಲಾಗುತ್ತದೆಯೇ ಎಂದು ನೋಡಿಸಿ.

ಹೆಣ್ಣು ಕುದುರೆಯಾದ್ದರಿಂದ ಬೆದೆಯ ಮಾತು ಯಾರಾದರೂ ತೆಗೆದೇ ತೆಗೆಯುತ್ತಾರೆ. ಬೆದೆಯ ಚಕ್ರ ಸುಮಾರು 21 ದಿನಗಳದ್ದು; ಎರಡು ತಿಂಗಳ ದಿನಚರಿ ಬರೆದರೆ ಕಿರಿಕಿರಿ ಆ ಲಯದಲ್ಲೇ ಬಂದುಹೋಗುತ್ತಿದೆಯೇ ಎಂಬುದು ತಿಳಿಯುತ್ತದೆ. ಪ್ರತಿದಿನವೂ ಒಂದೇ ಸಮನಾಗಿದ್ದರೆ ಕಾರಣ ಬೇರೆ ಇರುವ ಸಂಭವವೇ ಹೆಚ್ಚು. ಅಪರೂಪಕ್ಕೆ ಅಂಡಾಶಯದ ಗಡ್ಡೆಯಿಂದ ಹೆಣ್ಣು ಕುದುರೆ ಗಂಡಿನಂತೆ ಆಕ್ರಮಣಕ್ಕಿಳಿಯುವುದುಂಟು. ಹಾರ್ಮೋನ್ ಪರೀಕ್ಷೆ ಮತ್ತು ಅಲ್ಟ್ರಾಸೌಂಡ್‌ನಿಂದ ಅದು ಪತ್ತೆಯಾಗುತ್ತದೆ. ಅಂಡಾಶಯಗಳ ಮೇಲೆ ಸಲ್ಲದಷ್ಟು ಆರೋಪ ಹೊರಿಸಲಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ನಾಲ್ಕು ವರ್ಷದ ಮರಿಕುದುರೆ ಎಡ ಲಗಾಮು ಎಳೆದಾಗಲೆಲ್ಲ ತಲೆ ಎಸೆಯುತ್ತದೆ. ಇನ್ನಷ್ಟು ಬಿಗಿಯಾದ ಕಡಿವಾಣ ಹಾಕಲು ಸಲಹೆ ಬಂದಿದೆ. ಹಾಕಬಹುದೇ?

ಉತ್ತರ: ಖಂಡಿತ ಬೇಡ. ಆ ವಯಸ್ಸಿನ ಬಾಯಿಯಲ್ಲಿ ನಡೆಯುತ್ತಿರುವುದನ್ನು ಒಮ್ಮೆ ಯೋಚಿಸಿ. ಸುಮಾರು ಎರಡೂವರೆ ವರ್ಷದಿಂದ ನಾಲ್ಕೂವರೆ ವರ್ಷದವರೆಗೆ ಹಾಲುಹಲ್ಲುಗಳು ಉದುರಿ ಹೊಸವು ಬರುತ್ತಿರುತ್ತವೆ. ಉದುರಬೇಕಾದ ಹಲ್ಲಿನ ಚಿಪ್ಪು ಸಡಿಲವಾಗಿ ಅಲ್ಲೇ ಸಿಕ್ಕಿಕೊಂಡಿರಬಹುದು. ಮೊದಲ ದವಡೆ ಹಲ್ಲಿನ ಮುಂದೆ, ಕಡಿವಾಣ ತಾಗುವಲ್ಲೇ, ತೋಳಹಲ್ಲು ಎಂದು ಕರೆಯುವ ಪುಟ್ಟ ಹಲ್ಲೊಂದು ಇರಬಹುದು, ಕೆಲವೊಮ್ಮೆ ವಸಡಿನೊಳಗೇ ಹುದುಗಿರುತ್ತದೆ. ದವಡೆ ಹಲ್ಲುಗಳು ವರ್ಷಕ್ಕೆ 2ರಿಂದ 3 ಮಿಲಿಮೀಟರ್ ಹೊರಬರುತ್ತಲೇ ಇರುತ್ತವೆ. ಮೇಲ್ದವಡೆ ಕೆಳದವಡೆಗಿಂತ ಅಗಲವಾದ್ದರಿಂದ ಮೇಲಿನ ಹಲ್ಲುಗಳ ಹೊರ ಅಂಚು, ಕೆಳಗಿನವುಗಳ ಒಳ ಅಂಚು ಸವೆಯದೆ ಚೂಪಾಗಿ ಕೆನ್ನೆಯನ್ನೂ ನಾಲಿಗೆಯನ್ನೂ ಕೊಯ್ಯುತ್ತವೆ. ಲಗಾಮು ಎಳೆದಾಗ ಕೆನ್ನೆ ಆ ಚೂಪಿಗೆ ಒತ್ತುತ್ತದೆ. ತುಟಿ ಸರಿಸಿ ಮುಂದಿನ ಹಲ್ಲು ನೋಡಿದರೆ ಇದಾವುದೂ ಕಾಣದು. ಮಂಪರು ಬರಿಸಿ, ಬಾಯಿ ತೆರೆದಿಡುವ ಸಲಕರಣೆ ಹಾಕಿ, ಬೆಳಕು ಬಿಟ್ಟು ಕೊನೆಯ ಹಲ್ಲಿನವರೆಗೂ ಕೈಯಾಡಿಸಿ ನೋಡಿಸಬೇಕು. ಈ ವಯಸ್ಸಿನಲ್ಲಿ ಆರು ತಿಂಗಳಿಗೊಮ್ಮೆ ನೋಡಿಸಿದರೆ ಒಳ್ಳೆಯದು. ಲಗಾಮೇ ಇಲ್ಲದೆ ಬಿಸಿಲಿಗೆ ಹೋದಾಗಲೂ ಏನೋ ಕುಟುಕಿದಂತೆ ತಲೆಯನ್ನು ಮೇಲಕ್ಕೆ ಎಸೆದು ಮೂಗುಜ್ಜಿಕೊಂಡರೆ ಅದು ಮುಖದ ನರದ ಬೇರೆ ತೊಂದರೆಯಿರಬಹುದು. ವೈದ್ಯರಿಗೆ ಆ ವ್ಯತ್ಯಾಸವನ್ನು ತಪ್ಪದೆ ತಿಳಿಸಿ.

ಪ್ರಶ್ನೆ: ಬಲಗಡೆಯಿಂದ ಏನು ಬಂದರೂ ನಮ್ಮ ಕುದುರೆ ಇತ್ತೀಚೆಗೆ ಬೆಚ್ಚಿಬೀಳುತ್ತದೆ. ಎಡಗಡೆ ಏನೂ ಇಲ್ಲ.

ಉತ್ತರ: ಬಲಗಣ್ಣಿನ ಪರೀಕ್ಷೆ ಮಾಡಿಸಿ. ನೀರು ಸುರಿಯುವುದು, ಬೆಳಕಿಗೆ ಕಣ್ಣು ಕಿರಿದಾಗಿಸುವುದು, ಪಾಪೆ ಕುಗ್ಗಿರುವುದು, ಕಣ್ಣು ನೀಲಿಮಿಶ್ರಿತವಾಗಿ ಮಸುಕಾಗಿರುವುದು ಇವುಗಳಲ್ಲಿ ಒಂದಿದ್ದರೂ ಅದೇ ದಿನ ವೈದ್ಯರನ್ನು ಕರೆಸಿ. ಕಣ್ಣಿನೊಳಗಿನ ಉರಿಯೂತ ಕುದುರೆಗಳಲ್ಲಿ ಮತ್ತೆ ಮತ್ತೆ ಮರುಕಳಿಸಿ ಕೊನೆಗೆ ಕುರುಡಾಗಿಸಬಹುದು, ಒಂದು ರಾತ್ರಿಯ ತಡವೂ ಅದಕ್ಕೆ ದುಬಾರಿ. ಮನೆಯಲ್ಲಿರುವ ಹಳೆಯ ಕಣ್ಣಿನ ಹನಿ ಹಾಕಬೇಡಿ. ಪಾರದರ್ಶಕ ಪಟಲದಲ್ಲಿ ಗಾಯವಿದ್ದರೆ ಸ್ಟಿರಾಯ್ಡ್ ಇರುವ ಹನಿ ಅದನ್ನು ಕರಗಿಸಿಬಿಡಬಹುದು.

ಪ್ರಶ್ನೆ: ನಮ್ಮ ಕುದುರೆಗೆ ಜಠರದ ಹುಣ್ಣು ಮಾಗಿದೆಯೆಂದು ಎರಡನೆಯ ಗ್ಯಾಸ್ಟ್ರೋಸ್ಕೋಪಿಯಲ್ಲಿ ಖಚಿತವಾಗಿದೆ, ಜೀನನ್ನೂ ಬದಲಾಯಿಸಿದ್ದೇವೆ. ಆದರೂ ಪಟ್ಟಿ ಕಟ್ಟುವಾಗ ಕಚ್ಚಲು ಬರುತ್ತದೆ. ಇಷ್ಟೆಲ್ಲ ಮಾಡಿದ್ದು ವ್ಯರ್ಥವಾಯಿತೇ?

ಉತ್ತರ: ವ್ಯರ್ಥವಾಗಿಲ್ಲ. ತಿಂಗಳುಗಟ್ಟಲೆ ಪಟ್ಟಿಯೆಂದರೆ ನೋವು ಎಂದು ಕಲಿತ ಪ್ರಾಣಿ, ನೋವು ಹೋದ ಮರುದಿನವೇ ಅದನ್ನು ಮರೆಯಲಾರದು. ಪಟ್ಟಿಯಿಲ್ಲದೆ ಬರೀ ಜೀನುಬಟ್ಟೆ ಹಾಸಿ, ಅಲುಗದೆ ನಿಂತರೆ ಒಂದು ಹಿಡಿ ಹುಲ್ಲು ಕೊಟ್ಟು, ತೆಗೆದುಬಿಡಿ. ಹಲವು ದಿನಗಳ ನಂತರ ಪಟ್ಟಿಯನ್ನು ತಾಗಿಸಿ ಮಾತ್ರ ಬಿಡಿ, ಬಿಗಿಯಬೇಡಿ. ಬಿಗಿಯುವ ಹಂತಕ್ಕೆ ಬಂದಾಗ ಒಂದೊಂದೇ ತೂತು ಏರಿಸಿ, ನಡುವೆ ನಾಲ್ಕು ಹೆಜ್ಜೆ ನಡೆಸಿ. ಪ್ರತಿದಿನ ಅದು ಕಿವಿ ಒರಗಿಸಿದ ಹಂತ ಯಾವುದೆಂದು ಬರೆಯುತ್ತಾ ಹೋಗಿ. ಆ ಹಂತ ವಾರದಿಂದ ವಾರಕ್ಕೆ ಮುಂದೆ ಸರಿಯುತ್ತಿದ್ದರೆ ನೆನಪು ಮಾಸುತ್ತಿದೆ ಎಂದು ತಿಳಿದು ತಾಳ್ಮೆಯಿಂದ ಮುಂದುವರಿಯಿರಿ. ಆರು ವಾರ ಕಳೆದರೂ ಅದೇ ತೂತಿನಲ್ಲಿ, ಅದೇ ಪಕ್ಕಕ್ಕೆ ತಿರುಗಿ ಕಚ್ಚಲು ಬರುತ್ತಿದ್ದರೆ, ಆ ಟಿಪ್ಪಣಿಯನ್ನು ಹಿಡಿದುಕೊಂಡು ವೈದ್ಯರ ಬಳಿಗೆ ಹೋಗಿ, ಎದೆಯ ಮೂಳೆ, ಪಕ್ಕೆಲುಬುಗಳು ಮತ್ತು ಬೆನ್ನನ್ನು ಮತ್ತೊಮ್ಮೆ ಪರೀಕ್ಷಿಸಲು ಕೇಳಿಕೊಳ್ಳಿ.